ಆಂಡ್ರೊಮಿಡಾದ ಎಕ್ಸ್-ರೇ ಗಣತಿ

ನಮ್ಮ ಆಕಾಶಗಂಗೆಯ ಕಪ್ಪುಕುಳಿಗಳನ್ನೂ ನ್ಯೂಟ್ರಾನ್ ನಕ್ಷತ್ರಗಳನ್ನೂ ಎಣಿಸಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ದೂರದ್ದು. ಅನಿಲ ನುಂಗುವಾಗ ಎಕ್ಸ್-ರೇ ಸೂಸುವ ಇಂಥ ಚುಕ್ಕಿಯೊಂದು ಕಂಡಿತೆನ್ನಿ. ಅದು ಹತ್ತಿರದ ಮಂಕು ಕಾಯವೋ ದೂರದ ಪ್ರಖರ ಕಾಯವೋ ಹೇಳುವುದು ಕಷ್ಟ. ಆಂಡ್ರೊಮಿಡಾ ಗೆಲಾಕ್ಸಿಯ ಮಟ್ಟಿಗೆ ಈ ಗೋಜಲಿಲ್ಲ. ಅದಿರುವುದು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆ. ಅದರೊಳಗಿನದೆಲ್ಲ ನಮಗೆ ಹೆಚ್ಚುಕಡಿಮೆ ಒಂದೇ ದೂರ. ಅಲ್ಲಿ ಹೆಚ್ಚು ಪ್ರಖರವಾಗಿ ಕಂಡದ್ದು ನಿಜಕ್ಕೂ ಹೆಚ್ಚು ಪ್ರಖರ. ಖಗೋಳಜ್ಞರು ದಶಕಗಳಿಂದ ಈ ನೆರೆಮನೆಯ ಮೇಲೆ ಕಣ್ಣಿಟ್ಟಿರುವುದು ಅದಕ್ಕೇ.

ಎಕ್ಸ್-ರೇ ನಮ್ಮ ವಾಯುಮಂಡಲವನ್ನು ದಾಟಿ ಕೆಳಗಿಳಿಯುವುದಿಲ್ಲ. ಹಾಗಾಗಿ ದೂರದರ್ಶಕವೇ ಮೇಲಕ್ಕೆ ಹೋಗಬೇಕು. ಅಲ್ಲೂ ಮಾಮೂಲಿ ಕನ್ನಡಿ ನಡೆಯದು. ನೇರವಾಗಿ ಬಿದ್ದ ಎಕ್ಸ್-ರೇಯನ್ನು ಕನ್ನಡಿ ಹೀರಿಬಿಡುತ್ತದೆ. ಮೇಲ್ಮೈಯನ್ನು ಸವರಿಕೊಂಡು ಹೋದದ್ದಷ್ಟೇ ಪ್ರತಿಫಲಿಸುತ್ತದೆ. 1999ರ ಡಿಸೆಂಬರಿನಲ್ಲಿ ಯುರೋಪ್ ಹಾರಿಸಿದ ಎಕ್ಸ್‌ಎಂಎಂ-ನ್ಯೂಟನ್‌ನಲ್ಲಿ ಮೂರು ದೂರದರ್ಶಕಗಳಿವೆ. ಒಂದೊಂದರಲ್ಲೂ ಚಿನ್ನದ ಲೇಪದ 58 ಕೊಳವೆಯಾಕಾರದ ಕನ್ನಡಿಗಳು ಒಂದರೊಳಗೊಂದು ಕೂತಿವೆ.

ಗಣತಿ ಬೆಳೆದ ಬಗೆ ಸ್ವಾರಸ್ಯಕರ. 1978ರಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯಕ್ಕೆ ಆಂಡ್ರೊಮಿಡಾದ ದಿಕ್ಕಿನಲ್ಲಿ ಕಂಡದ್ದು ನೂರರ ಆಸುಪಾಸಿನ ಆಕರಗಳು. 1990ರ ದಶಕದಲ್ಲಿ ಜರ್ಮನಿಯ ರೋಸಾಟ್ ಈ ಪಟ್ಟಿಯನ್ನು 560ಕ್ಕೆ ಏರಿಸಿತು. ಎಕ್ಸ್‌ಎಂಎಂ-ನ್ಯೂಟನ್ ಆಧರಿಸಿ 2011ರಲ್ಲಿ ಪ್ರಕಟವಾದ ಪಟ್ಟಿಯಲ್ಲಿರುವುದು 1,897.

ಈ ಗೆಲಾಕ್ಸಿ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಆರು ಪಟ್ಟು ಉದ್ದಕ್ಕೆ ಚಾಚಿದೆ. ಎಕ್ಸ್‌ಎಂಎಂ ಒಮ್ಮೆಗೆ ನೋಡಬಲ್ಲದ್ದು ಒಂದು ಚಂದ್ರನಗಲ ಮಾತ್ರ. ಆದ್ದರಿಂದ ತುಂಡು ತುಂಡಾಗಿ ಚಿತ್ರ ತೆಗೆದು ಜೋಡಿಸಬೇಕಾಯಿತು.

ಆದರೆ 1,897 ಎಂಬುದು ಆಂಡ್ರೊಮಿಡಾದ ನಿವಾಸಿಗಳ ಸಂಖ್ಯೆಯಲ್ಲ. ಅದರಲ್ಲಿ ನಡುವೆ ಅಡ್ಡ ಬಂದ ನಮ್ಮದೇ ಆಕಾಶಗಂಗೆಯ ನಕ್ಷತ್ರಗಳಿವೆ. ಕೋಟ್ಯಂತರ ಜ್ಯೋತಿರ್ವರ್ಷ ಹಿಂದಿರುವ ಸಕ್ರಿಯ ಗೆಲಾಕ್ಸಿಗಳೂ ಇವೆ. ಮೂರರಲ್ಲಿ ಎರಡು ಪಾಲಿನಷ್ಟು ಆಕರಗಳಿಗೆ ಸಿಕ್ಕಿದ್ದು 'ಗಡಸು', ಅಂದರೆ ಹೆಚ್ಚು ಶಕ್ತಿಯ ಎಕ್ಸ್-ರೇ ಸೂಸುವಂಥದ್ದು, ಎಂಬ ಹಣೆಪಟ್ಟಿ ಮಾತ್ರ. ಅವು ಜೋಡಿ ನಕ್ಷತ್ರಗಳೇ, ಸೂಪರ್ನೋವಾ ಅವಶೇಷಗಳೇ, ಹಿನ್ನೆಲೆಯ ಗೆಲಾಕ್ಸಿಗಳೇ ಎಂದು ಖಚಿತವಾಗಿ ಹೇಳಲಾಗಿಲ್ಲ. ಸಮೀಕ್ಷೆಯ ನಿಜವಾದ ದುಡಿಮೆ ಎಣಿಕೆಯಲ್ಲಿಲ್ಲ, ಈ ವಿಂಗಡಣೆಯಲ್ಲಿದೆ.

ಗುರುತು ಹಿಡಿಯಲು ಹಲವು ದಾರಿಗಳುಂಟು. ಬಂದಿಳಿದ ಒಂದೊಂದು ಫೋಟಾನಿನ ಶಕ್ತಿಯನ್ನೂ ಹೊತ್ತನ್ನೂ ಉಪಕರಣ ದಾಖಲಿಸುತ್ತದೆ. ಆ ಶಕ್ತಿಯನ್ನು ನೋಡುವುದು ಮೊದಲ ದಾರಿ. ತೀರಾ ಮೃದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ರೇ ಸೂಸುವ ಆಕರಗಳಲ್ಲಿ ದೊಡ್ಡ ಗುಂಪು ನೋವಾಗಳದ್ದೆಂದು ತಿಳಿದದ್ದು ಆಂಡ್ರೊಮಿಡಾದಲ್ಲೇ: ಶ್ವೇತಕುಬ್ಜದ ಮೇಲಿನ ಸ್ಫೋಟದ ನಂತರವೂ ಅಲ್ಲಿ ಉಳಿದ ಹೈಡ್ರೊಜನ್ ಕೆಲಕಾಲ ಉರಿಯುತ್ತಿರುತ್ತದೆ. ಇನ್ನೊಂದು ದಾರಿ, ಪದೇ ಪದೇ ನೋಡುವುದು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ವೀಕ್ಷಣಾಲಯದ 13 ವರ್ಷಗಳ ದಾಖಲೆ ಜಾಲಾಡಿದವರು 2013ರಲ್ಲಿ 26 ಹೊಸ ಸಂಭಾವ್ಯ ಕಪ್ಪುಕುಳಿಗಳನ್ನು ಹೆಸರಿಸಿದರು. ಅದಕ್ಕೂ ಮುನ್ನ, 2012ರ ಜನವರಿಯಲ್ಲಿ, ಹಿಂದೆಂದೂ ಕಾಣದ ಆಕರವೊಂದು ದಿಢೀರನೆ ಬೆಳಗಿತ್ತು. ಅದರ ರೇಡಿಯೊ ಸಂಕೇತ ನಿಮಿಷಗಳ ಲೆಕ್ಕದಲ್ಲಿ ಏರಿಳಿದದ್ದರಿಂದ, ಅದು ನಕ್ಷತ್ರದಷ್ಟೇ ತೂಕದ ಕಪ್ಪುಕುಳಿಯೊಂದು ಭರದಿಂದ ಅನಿಲ ನುಂಗುತ್ತಿರುವ ನೋಟವೆಂದು ತಜ್ಞರು ತೀರ್ಮಾನಿಸಿದರು.

ಮೂರನೆಯ ದಾರಿ, ಬೇರೆ ಬೆಳಕಿನ ಚಿತ್ರಗಳೊಂದಿಗೆ ತಾಳೆ ನೋಡುವುದು. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೊಸ್ಯಾಟ್‌ನಲ್ಲಿ ಎಕ್ಸ್-ರೇ ಉಪಕರಣಗಳ ಜೊತೆಗೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಹೊಸಕೋಟೆಯಲ್ಲಿ ಜೋಡಣೆಯಾದ ಅತಿನೇರಳೆ ದೂರದರ್ಶಕವೂ ಇದೆ. ಆಂಡ್ರೊಮಿಡಾವನ್ನು ಅದು ಸವಿವರವಾಗಿ ಚಿತ್ರಿಸಿದೆ.

ಈ ಮಾಹಿತಿಯೇನೂ ಬೀಗ ಹಾಕಿಟ್ಟದ್ದಲ್ಲ. ನಿಗದಿತ ಅವಧಿ ಮುಗಿದ ಮೇಲೆ ಚಂದ್ರಾ ಮತ್ತು ಎಕ್ಸ್‌ಎಂಎಂ ದಾಖಲೆಗಳು ಎಲ್ಲರಿಗೂ ಮುಕ್ತ. ಆಸ್ಟ್ರೊಸ್ಯಾಟ್‌ನದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಇಸ್ರೋ ದತ್ತಾಂಶ ಕೇಂದ್ರದಿಂದ ಸಿಗುತ್ತದೆ. ಹೆಸರು ಸಿಗದ ಆಕರಗಳು ಇನ್ನೂ ಸಾವಿರಕ್ಕೂ ಹೆಚ್ಚಿವೆ. ಭೌತವಿಜ್ಞಾನ ಕಲಿಸುವ ನಮ್ಮ ಕಾಲೇಜುಗಳು ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಳೆಯ ಪ್ರಯೋಗಗಳನ್ನೇ ಮತ್ತೆ ಮತ್ತೆ ಕೊಡುವ ಬದಲು ಇವುಗಳಲ್ಲಿ ಒಂದೆರಡನ್ನು ಕೊಟ್ಟು ನೋಡಲಿ.