ಮದುವೆ ಪಟ್ಟಿಯ ಕೊನೆಯ ಸಾಲು

ಕಳೆದ ದೀಪಾವಳಿ ಮುಗಿದ ವಾರ ನನ್ನ ಹೆಂಡತಿ ಠಾಕುರ್ಲಿ ಸ್ಟೇಷನ್ ಹೊರಗಿನ ಅಂಗಡಿಯಿಂದ 200 ಪುಟದ ನೋಟ್‌ಬುಕ್ ಒಂದನ್ನು ತಂದಳು. ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಅದರ ಕೆಳಗೆ ‘ಮದುವೆ’ ಎಂದು ಬರೆದು, ಎರಡು ಗೆರೆ ಎಳೆದಳು. ಮಗಳ ಮದುವೆ ಫೆಬ್ರವರಿಯ ಒಂದು ರವಿವಾರಕ್ಕೆ ನಿಶ್ಚಯವಾಗಿತ್ತು. ಹುಡುಗ ಕಲ್ಯಾಣದವನು, ಮರಾಠಿ ಮನೆಯವನು. ನಮ್ಮದು ಕಾರ್ಕಳ ಕಡೆಯ ಊರು. ಠಾಕುರ್ಲಿಯಿಂದ ಮುಂದಿನ ಸ್ಟೇಷನ್ನೇ ಕಲ್ಯಾಣ. ಸಂಬಂಧ ಬೆಳೆಸಿದ್ದು ಒಂದು ಸ್ಟೇಷನ್ ದೂರಕ್ಕೆ, ಆದರೆ ಪಟ್ಟಿ ಮಾಡಲು ಕೂತಾಗ ಅದು ಎರಡು ರಾಜ್ಯದ ದೂರವಾಯಿತು.

ಹಾಲ್, ಪುರೋಹಿತರು, ಊಟ, ಮಲ್ಲಿಗೆ, ಕಾರ್ಡು, ಸೀರೆ, ಊರಿನವರ ಟಿಕೆಟ್ಟು ಎಂದು ಪಟ್ಟಿ 40 ಸಾಲಿನವರೆಗೆ ಇಳಿಯಿತು. 41ನೇ ಸಾಲಿನಲ್ಲಿ ಅವಳು ‘ಊರಿನ ಭಾವ’ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ನೋಟ್‌ಬುಕ್ ಅನ್ನು ನನ್ನ ಕಡೆ ತಿರುಗಿಸಿ ಇಟ್ಟು ಒಳಗೆ ಹೋದಳು.

ಅವಳ ಭಾವ ಎಂದರೆ ನನ್ನ ಅಣ್ಣ. ನಾವಿಬ್ಬರು ಮಾತಾಡದೆ 12 ವರ್ಷ ಕಳೆದಿತ್ತು. ಕಾರಣ ಹೇಳಿದರೆ ನಿಮಗೆ ಹೊಸದೇನೂ ಅನಿಸಲಿಕ್ಕಿಲ್ಲ. ಮುಂಬಯಿಯಲ್ಲಿರುವ ನಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಇಂಥದ್ದೊಂದು ಇದ್ದೇ ಇದೆ. ಪಾಲು ಪಟ್ಟಿಯ ದಿನ ಬಾವಿಯ ಬದಿಯ ಅಡಿಕೆ ತೋಟ ಯಾರಿಗೆ ಎಂಬ ಮಾತು ಬಂತು. ನಾನು ಒಂದು ಹೇಳಿದೆ, ಅವನು ಒಂದು ಹೇಳಿದ. ‘ಊರು ಬಿಟ್ಟು ಹೋದವನಿಗೆ ನೀರಿನ ಲೆಕ್ಕ ಯಾಕೆ’ ಎಂದ. 17ನೇ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮೊದಲ ಹತ್ತು ವರ್ಷ ಮನೆಗೆ ಮನಿಯಾರ್ಡರ್ ಕಳಿಸಿದವನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನಾನು ಊಟ ಮಾಡದೆ ಎದ್ದು ಬಂದೆ.

ಹಾಗಾಗಿ 41ನೇ ಸಾಲನ್ನು ಬಿಟ್ಟು ಉಳಿದ 40ರ ಬೆನ್ನು ಹತ್ತಿದೆ.

ಆ ಕೆಲಸ ಕಷ್ಟವಾದರೂ ಮಜಾ ಇತ್ತು. ಮುಹೂರ್ತದಲ್ಲಿ ಜಗಳವೇ ಆಗಲಿಲ್ಲ. ನಮ್ಮ ಕಡೆ ಅಭಿಜಿನ್ ಮುಹೂರ್ತ ಎಂದರೆ ಹೆಚ್ಚುಕಡಿಮೆ ನಡು ಮಧ್ಯಾಹ್ನ, ಅವರ ಭಟ್ಟರು ಹೇಳಿದ್ದೂ ಹನ್ನೆರಡರ ಹೊತ್ತೇ. ಅವರ ಅಂತರಪಟ, ಮಂಗಲಾಷ್ಟಕ ಮೊದಲು, ನಮ್ಮ ಧಾರೆ ಆಮೇಲೆ ಎಂದು ಇಬ್ಬರು ಪುರೋಹಿತರು ಫೋನಿನಲ್ಲೇ ಹಂಚಿಕೊಂಡರು. ಅವರು ಅಕ್ಷತೆ ದೂರದಿಂದ ಎರಚುತ್ತಾರೆ, ನಾವು ಹತ್ತಿರ ಹೋಗಿ ತಲೆ ಮೇಲೆ ಸೇಸೆ ಹಾಕುತ್ತೇವೆ. ಎರಡಕ್ಕೂ ಅಕ್ಕಿ ಒಂದೇ ಡಬ್ಬಿಯದ್ದು.

ಊಟದ ಪಟ್ಟಿ ಮಾಡುವಾಗ ಬೀಗಿತ್ತಿ ‘ಅಳುವಡಿ ಇರಲೇಬೇಕು’ ಎಂದರು, ನನ್ನ ಹೆಂಡತಿ ‘ಪತ್ರೊಡೆ ಇರಲೇಬೇಕು’ ಎಂದಳು. ಅರ್ಧ ಗಂಟೆಯ ನಂತರ ಇಬ್ಬರೂ ಕೆಸುವಿನ ಎಲೆಯ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಗೊತ್ತಾಯಿತು. ಅವರದು ಕಡಲೆಹಿಟ್ಟು, ನಮ್ಮದು ಅಕ್ಕಿಹಿಟ್ಟು, ಅಷ್ಟೇ. ಎರಡೂ ಇರಲಿ ಎಂದಾಯಿತು. ಅವರ ಅಬೋಲಿ ನಮ್ಮ ಅಬ್ಬಲಿಗೆ ಎಂದು ತಿಳಿದಾಗ ಹೂವಿನ ಸಾಲೂ ಮುಗಿಯಿತು. ಮಲ್ಲಿಗೆ ಮಾತ್ರ ಉಡುಪಿಯದ್ದೇ ಆಗಬೇಕೆಂದು ಮಾಟುಂಗದ ಹೂವಿನ ಅಂಗಡಿಗೆ ಮೊದಲೇ ಹೇಳಿಟ್ಟೆವು. ಗೊತ್ತಿಲ್ಲದ ಎಳೆಯರಿಗಾಗಿ ಹೇಳುತ್ತೇನೆ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮುಹೂರ್ತ ಹೆಚ್ಚಿರುವ ದಿನ ದರ ಎಲ್ಲಿ ಹೋಗಿ ನಿಲ್ಲುತ್ತದೆಂದು ಅಂಗಡಿಯವನೂ ಹೇಳುವುದಿಲ್ಲ.

ದಾರಿಯ ಬಗ್ಗೆಯೂ ಬರೆಯಬೇಕಾಯಿತು. ಕಾರ್ಡಿನ ಜೊತೆ ಮೊಬೈಲಿಗೆ ಕಳಿಸುವ ಚೀಟಿಯಲ್ಲಿ ‘ಠಾಕುರ್ಲಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಿರಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ರವಿವಾರದ ಮೆಗಾಬ್ಲಾಕ್ ನೆನಪಿಟ್ಟು ಒಂದು ಗಂಟೆ ಮೊದಲೇ ಹೊರಡಿ ಎಂದೂ ಸೇರಿಸಿದೆ. ಊರಿನವರಿಗೆ ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಬೇಕು. ಈಗ ರಿಸರ್ವೇಶನ್ 60 ದಿನ ಮೊದಲಷ್ಟೇ ತೆರೆಯುವುದರಿಂದ ಡಿಸೆಂಬರಿನ ಆ ಬೆಳಿಗ್ಗೆ ಎಂಟು ಗಂಟೆಗೆ ಮೂರು ಮೊಬೈಲು ಹಿಡಿದು ಕೂರಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಎಷ್ಟು ಟಿಕೆಟ್ ಎಂದು ಹೆಂಡತಿ ಕೇಳಿದಳು. ‘ಹನ್ನೊಂದು’ ಎಂದೆ. ‘ಹನ್ನೊಂದೋ, ಹದಿಮೂರೋ’ ಎಂದಳು. ಅಣ್ಣ, ಅತ್ತಿಗೆ ಸೇರಿದರೆ ಹದಿಮೂರು. ನಾನು ಪೇಪರ್ ತೆಗೆದುಕೊಂಡೆ.

ಅಲಂಕಾರಕ್ಕೆ ಒಬ್ಬ ಡೆಕೊರೇಟರ್ ಬಂದ. ‘ಸೌತ್ ಇಂಡಿಯನ್ ಥೀಮ್’ ಎಂದು ಟ್ಯಾಬಿನಲ್ಲಿ ಚಿತ್ರ ತೋರಿಸಿದ. ಬಾಳೆ ಕಂಬ, ಹಿತ್ತಾಳೆ ಉರುಳಿ, ಮಧ್ಯದಲ್ಲಿ ಆಳೆತ್ತರದ ಕಥಕ್ಕಳಿ ಮುಖ. ‘ಇದು ಯಾಕೆ’ ಎಂದು ಕೇಳಿದೆ. ‘ಸೌತ್ ಅಲ್ವಾ ಸಾಹೇಬ್’ ಎಂದ. ಮಗಳು ನಕ್ಕಳು, ಆದರೆ ಆಮೇಲೆ ಸುಮ್ಮನಾದಳು. ಅವನು ಹೋದ ಮೇಲೆ ಕೇಳಿದಳು: ‘ಪಪ್ಪಾ, ಕಥಕ್ಕಳಿ ನಮ್ಮದಲ್ಲ ಸರಿ. ನಮ್ಮದು ಯಾವುದು?’

ಅದಕ್ಕೆ ಉತ್ತರ ತುರ್ತಾಗಿ ಬೇಕಾಗಿತ್ತು. ಯಾಕೆಂದರೆ ಬೀಗಿತ್ತಿ ಅದೇ ವಾರ ‘ರುಖವತ್ ಏನು ಇಡ್ತೀರಿ’ ಎಂದು ಕೇಳಿದ್ದರು. ಮರಾಠಿ ಮದುವೆಗೆ ಹೋದವರಿಗೆ ಗೊತ್ತು, ಹಾಲಿನ ಒಂದು ಬದಿಯಲ್ಲಿ ಉದ್ದ ಮೇಜು ಇರುತ್ತದೆ. ಹುಡುಗಿಯ ಕಡೆಯವರು ಕೈಯಾರೆ ಮಾಡಿದ ಲಾಡು, ಚಕ್ಕುಲಿ, ಅಲಂಕರಿಸಿದ ತೆಂಗಿನಕಾಯಿ, ಅಡಿಕೆಯಲ್ಲಿ ಮಾಡಿದ ಗೊಂಬೆ ಎಲ್ಲ ಜೋಡಿಸಿಟ್ಟಿರುತ್ತಾರೆ. ಅದು ರುಖವತ್. ಹುಡುಗಿಯ ಮನೆಯ ಹೆಂಗಸರ ಕೈಗುಣ ತೋರಿಸುವುದಕ್ಕೆಂದು ಇದ್ದದ್ದು, ಈಗ ರೆಡಿಮೇಡ್ ಸಿಗುತ್ತದೆ. ಬೀಗಿತ್ತಿ ಒಳ್ಳೆಯವರು, ‘ನಿಮ್ಮಲ್ಲಿ ಇಲ್ಲದಿದ್ದರೆ ಬೇಡ’ ಎಂದೂ ಹೇಳಿದ್ದರು. ಮಗಳಿಗೆ ಬೇಕಿತ್ತು. ಆದರೆ ಅಂಗಡಿಯದ್ದು ಬೇಡ, ನಮ್ಮ ಮನೆಯದ್ದು ಬೇಕು.

ಹೆಂಡತಿ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಡುಬು ಇಡುತ್ತೇನೆಂದಳು. ಅತ್ತಿಗೆಯಿಂದ ಕಲಿತದ್ದು ಎಂದು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ನನಗೆ ನೆನಪಾದದ್ದು ಅಕ್ಕಿಮುಡಿ. ನಮ್ಮ ಹಳೇ ಮನೆಯ ಅಟ್ಟದ ಮೇಲೆ ಸಾಲಾಗಿ ಮುಡಿಗಳಿರುತ್ತಿದ್ದವು. 14 ಸೇರಿಗೆ ಒಂದು ಕಳಸೆ, 3 ಕಳಸೆ ಅಂದರೆ 42 ಸೇರಿಗೆ ಒಂದು ಮುಡಿ. ಬೈಹುಲ್ಲು ಹರಡಿ, ಅದರೊಳಗೆ ಅಕ್ಕಿ ತುಂಬಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತಿ ಸುತ್ತಿ ಬಿಗಿಯುತ್ತಾರೆ. ಮರದ ಸುತ್ತಿಗೆಯಿಂದ ಬಡಿಬಡಿದು ಗುಂಡಗೆ ಮಾಡುತ್ತಾರೆ. ಗೋಣಿ ಇಲ್ಲ, ದಾರವಿಲ್ಲ, ಒಂದು ಕಾಳು ಹೊರಗೆ ಬೀಳುವುದಿಲ್ಲ, ಹುಳ ಹೋಗುವುದಿಲ್ಲ. ಅದರ ಮೇಲೆ ಹತ್ತಿ ಕೂತು ಬೈಸಿಕೊಂಡದ್ದನ್ನು ಮಗಳಿಗೆ ಹೇಳಿದೆ. ‘ಚಿಕ್ಕದೊಂದು ಮಾಡೋಣ’ ಎಂದಳು. ‘ಯಾರಿಗೆ ಬರುತ್ತದೆ?’ ಎಂದು ಕೇಳಿದಳು.

ನಮ್ಮ ಮನೆಯಲ್ಲಿ ಅದು ಬರುತ್ತಿದ್ದದ್ದು ಅಪ್ಪನಿಗೆ. ಅವರ ನಂತರ ಅಣ್ಣನಿಗೆ. ಕಲಿಯುವ ವಯಸ್ಸಿಗೆ ನಾನು ಫೋರ್ಟಿನ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ.

ಮಗಳು ನನ್ನನ್ನು ಕೇಳದೆ ಫೋನ್ ಮಾಡಿದಳು. ಆಮೇಲೆ ಹೆಂಡತಿ ಹೇಳಿದ್ದರಿಂದ ನನಗೆ ತಿಳಿಯಿತು. ಅವಳು ಪಾಲಿನ ಮಾತೆತ್ತಲಿಲ್ಲ, ‘ರಾಜಿ ಮಾಡಿಕೊಳ್ಳಿ’ ಅನ್ನಲಿಲ್ಲ. ‘ದೊಡ್ಡಪ್ಪಾ, ಮುಡಿ ಕಟ್ಟುವುದು ಹೇಗೆ? ವೀಡಿಯೊ ಕಾಲಿನಲ್ಲಿ ತೋರಿಸ್ತೀರಾ?’ ಎಂದಳಂತೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಅದು ಫೋನಿನಲ್ಲಿ ಹೇಳುವಂಥದ್ದಲ್ಲ’ ಎಂದು ಇಟ್ಟುಬಿಟ್ಟನಂತೆ. ಅವಳ ಮುಖ ಸಣ್ಣದಾಯಿತು. ಹತ್ತು ನಿಮಿಷ ಬಿಟ್ಟು ಅವನೇ ಫೋನ್ ಮಾಡಿ ಕೇಳಿದನಂತೆ: ‘ಎಷ್ಟು ಸೇರಿನದ್ದು? ಬೆಳ್ತಿಗೆಯೋ, ಕುಚ್ಚಲೋ?’ ಠಾಕುರ್ಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಏನು ಗೊತ್ತು? ‘ನಿಮಗೆ ಸರಿ ಕಂಡದ್ದು’ ಎಂದಳಂತೆ. ‘ಶುಭಕಾರ್ಯಕ್ಕೆ ಬೆಳ್ತಿಗೆ’ ಎಂದನಂತೆ.

ಹುಲ್ಲಿನದೇ ಒಂದು ಕಥೆ. ಈಗ ಊರಲ್ಲಿ ಹೆಚ್ಚಿನವರು ಗದ್ದೆಗೆ ಯಂತ್ರ ಇಳಿಸಿ ಕೊಯ್ಯಿಸುತ್ತಾರೆ. ಯಂತ್ರದಿಂದ ಬಂದ ಹುಲ್ಲು ನುರಿದಿರುತ್ತದೆ, ಮುಡಿಗೆ ಆಗುವುದಿಲ್ಲ. ಉದ್ದದ, ಕೈಯಿಂದ ಕೊಯ್ದ ಹುಲ್ಲೇ ಬೇಕು. ಅಣ್ಣ ಎರಡು ಊರಾಚೆ ಇನ್ನೂ ಕತ್ತಿಯಲ್ಲಿ ಕೊಯ್ಯುವ ಒಬ್ಬರಲ್ಲಿಗೆ ಹೋಗಿ ನಾಲ್ಕು ಸೂಡಿ ತಂದಿದ್ದನಂತೆ. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿನೋವು ಬೇರೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಪ್ರಿಂಟಿಂಗಿನವರು ಕಾರ್ಡಿನ ಮ್ಯಾಟರ್ ಕೇಳಿದರು. ಮರಾಠಿಯದ್ದು ಒಂದು, ಕನ್ನಡದ್ದು ಒಂದು. ಕನ್ನಡ ಕಾರ್ಡಿನಲ್ಲಿ ಕರೆಯುವವರ ಹೆಸರು ಮನೆಯ ಹಿರಿಯರದ್ದೇ ಮೊದಲು ಬರಬೇಕು, ನಮ್ಮಲ್ಲಿ ಅದೇ ಕ್ರಮ. ಹೇಳದೆ ಹಾಕಿದರೆ ಅವನಿಗೆ ಅವಮಾನ. ಹಾಕದಿದ್ದರೆ ಊರೆಲ್ಲ ಓದುತ್ತದೆ. ಮೂರು ವಾರ ‘ನಾಳೆ ಕೊಡುತ್ತೇನೆ’ ಎಂದು ಮುಂದೂಡಿದ್ದೆ. ಅಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಫೋನ್ ಮಾಡಿದೆ.

‘ನಾನು’ ಎಂದೆ.

‘ಗೊತ್ತಾಯ್ತು’ ಎಂದ.

‘ಕಾರ್ಡಿಗೆ ಹೆಸರು ಹಾಕಬೇಕಿತ್ತು.’

ಕೆಳಗೆ ಲೋಕಲ್ ಹೋಯಿತು. ಅದರ ಸದ್ದು ಮುಗಿಯುವವರೆಗೆ ಇಬ್ಬರೂ ಸುಮ್ಮನಿದ್ದೆವು.

‘ಹಾಕು. ಇನಿಶಿಯಲ್ ತಪ್ಪಬಾರದು’ ಎಂದ.

ಅಷ್ಟೇ. ಬಾವಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ. ತೋಟ ಯಾರದ್ದು ಎಂಬ ಲೆಕ್ಕದಲ್ಲಿ ನಾನು ಹೇಳಿದ್ದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಅವನಿಗೂ ಹಾಗೇ ಅನಿಸುತ್ತಿರಬಹುದು.

ಇನಿಶಿಯಲ್ ತಪ್ಪಲಿಲ್ಲ, ಒತ್ತಕ್ಷರ ತಪ್ಪಿತು. ಆ ಪ್ರೆಸ್ಸಿನ ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಕೂತಿರಲಿಲ್ಲ. ಪ್ರೂಫಿನಲ್ಲಿ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಎರಡು ಸಲ ತಿದ್ದಿ ಕಳಿಸಿದೆ. ಮೂರನೆಯದ್ದು ನನ್ನ ಕಣ್ಣಿಗೆ ಸರಿಯಿತ್ತು. ಮಗಳು ಮಾತ್ರ ‘ಪಪ್ಪಾ, ದೊಡ್ಡಪ್ಪನ ಹೆಸರಿನಲ್ಲಿ ಕೆಳಗಿನ ಆ ಚಿಕ್ಕದು ಇಲ್ಲ’ ಎಂದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಾನು ಕೈಯಲ್ಲಿ ಬರೆದುಕೊಟ್ಟ ಚೀಟಿ ಪಕ್ಕದಲ್ಲಿಟ್ಟುಕೊಂಡು, ಚಿತ್ರಕ್ಕೆ ಚಿತ್ರ ತಾಳೆ ಹಾಕುವಂತೆ ಒಂದೊಂದೇ ಅಕ್ಷರ ನೋಡಿದ್ದಳು. ಇಂಗ್ಲಿಷ್ ಶಾಲೆಗೆ ಹಾಕುವಾಗ ನಾನು ಯೋಚಿಸದೇ ಇದ್ದದ್ದು ಆಗ ಚುಚ್ಚಿತು. ಕಂಚನ್‌ಗಾಂವ್‌ನಲ್ಲಿ ಡೊಂಬಿವಲಿ ಕರ್ನಾಟಕ ಸಂಘದವರ ಮಂಜುನಾಥ ಕಾಲೇಜಿನ ಎದುರು ಎಷ್ಟು ಸಲ ಓಡಾಡಿದ್ದೇನೆ, ನಮ್ಮವರು ಕಟ್ಟಿದ್ದು ಎಂದು ಎಷ್ಟು ಹೆಮ್ಮೆಪಟ್ಟಿದ್ದೇನೆ. ಮನೆಯಲ್ಲಿ ಒಂದು ಕಾಗುಣಿತ ಪುಸ್ತಕ ತಂದಿಡಲಿಲ್ಲ. ಲಕೋಟೆಯ ಮೇಲಿನ ಊರಿನ ವಿಳಾಸಗಳನ್ನು ಅವಳೇ ಬರೆಯುತ್ತೇನೆಂದು ಕೂತಳು. 40 ಲಕೋಟೆಗೆ ನಾಲ್ಕು ದಿನ ಹಿಡಿಯಿತು. ‘ಕಾರ್ಕಳ’ವನ್ನು ಈಗ ನೋಡದೆ ಬರೆಯುತ್ತಾಳೆ.

ಟಿಕೆಟ್ ಹದಿಮೂರು ಮಾಡಿದೆವು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಥಾಣೆ ಸ್ಟೇಷನ್ನಿನಲ್ಲಿ ಅಣ್ಣ ಇಳಿದ. ಬ್ಯಾಗು ಅತ್ತಿಗೆಯ ಕೈಯಲ್ಲಿತ್ತು, ಅವನ ಎರಡೂ ಕೈಯಲ್ಲಿ ಪಂಚೆಯಲ್ಲಿ ಕಟ್ಟಿದ ಗಂಟು. ತೆಗೆದುಕೊಳ್ಳಲು ಹೋದೆ. ‘ನೀನು ಬೀಳಿಸ್ತೀಯ’ ಎಂದ. ಹನ್ನೆರಡು ವರ್ಷದ ನಂತರ ಎದುರಾಬದುರು ಕೇಳಿದ ಮೊದಲ ಮಾತು. ಸ್ಲೋ ಲೋಕಲಿನಲ್ಲಿ ಠಾಕುರ್ಲಿಯವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

ರುಖವತ್ ಮೇಜಿನ ಮೇಲೆ ಕೊಟ್ಟೆ ಕಡುಬು, ಲಾಡು, ಉಡುಪಿ ಮಲ್ಲಿಗೆಯ ಒಂದು ಚೆಂಡು, ನಡುವೆ ಎರಡು ಸೇರಿನ ಪುಟ್ಟ ಮುಡಿ. ಬಂದವರೆಲ್ಲ ಬೊಂಬೆ ಎಂದುಕೊಂಡು ಫೋಟೊ ತೆಗೆದರು. ಅಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ, ಮರಾಠಿ ಒಂದಕ್ಷರ ಬರುವುದಿಲ್ಲ. ಹುಡುಗನ ಅಜ್ಜಿ, ಸಾವಂತವಾಡಿ ಕಡೆಯವರು, ಕೋಲೂರಿಕೊಂಡು ಬಂದು ಹತ್ತಿರದಿಂದ ನೋಡಿದರು. ಹುಲ್ಲಿನ ಹಗ್ಗವನ್ನು ಬೆರಳಿನಿಂದ ಮುಟ್ಟಿ, ‘ಅಗೋ, ಮುಡೀ!’ ಎಂದರು. ಅವರ ತವರುಮನೆಯ ಅಟ್ಟದಲ್ಲೂ ಇರುತ್ತಿತ್ತಂತೆ. ಅಣ್ಣನಿಗೆ ಆ ಒಂದು ಶಬ್ದ ಸಾಕಾಯಿತು. ಅಜ್ಜಿ ಮರಾಠಿಯಲ್ಲಿ, ಇವನು ತುಳುವಿನಲ್ಲಿ, ಊಟಕ್ಕೆ ಕರೆಯುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ಏನು ಎಂದು ನನಗೆ ಗೊತ್ತಿಲ್ಲ.

ಹೊರಡುವಾಗ ಅಣ್ಣ ಅಳಿಯನನ್ನು ಕರೆದು ಮುಡಿಯನ್ನು ಕೊಟ್ಟ. ಮಗಳು ‘ಷೋಕೇಸಿನಲ್ಲಿ ಇಡುತ್ತೇವೆ ದೊಡ್ಡಪ್ಪಾ’ ಎಂದಳು. ‘ಇಡಬೇಡ’ ಎಂದ. ‘ಮಳೆಗಾಲಕ್ಕೆ ಮೊದಲು ಬಿಚ್ಚಿ ಅನ್ನ ಮಾಡಿ ಉಣ್ಣಿ. ಹುಲ್ಲು ಬಿಸಾಡಬೇಡಿ, ಬರುವಾಗ ತನ್ನಿ. ಕಟ್ಟುವುದು ಹೇಗೆಂದು ತೋರಿಸ್ತೇನೆ.’

ನೋಟ್‌ಬುಕ್ ಇನ್ನೂ ಮನೆಯಲ್ಲಿದೆ. 41ನೇ ಸಾಲಿನ ಮುಂದಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೆಂಡತಿ ಹೊಡೆದು ಹಾಕಿ, ‘ಬಂದರು’ ಎಂದು ಬರೆದಿದ್ದಾಳೆ. ಬರುವ ಮೇ ತಿಂಗಳಿಗೆ ನಾಲ್ಕು ಟಿಕೆಟ್ ಮಾಡಬೇಕು.