ಕುಣಿಯಬಂದವರು ಕೇಳಿದ ವಾರ್ತೆ
ಹೆದ್ದಾರಿಯ ನಿರ್ಮಾಣಕ್ಕಾಗಿ ಕೇರಿಗಳನ್ನೇ ಸೀಳಿ, ಬಾಡಿಗೆಯ ವಠಾರಗಳು ಒಂದೊಂದಾಗಿ ಅಗ್ನಿಗಾಹುತಿಯಾಗುತ್ತಿದ್ದ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ, ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣನು 1973ರಲ್ಲಿ ತನ್ನ ತಂಗಿಯ ಕೂಟಕ್ಕಾಗಿ ಗ್ರಾಮಫೋನ್ ತಟ್ಟೆಗಳನ್ನು ತಿರುಗಿಸಿದಾಗ, ಅಲ್ಲಿ ನೆರೆದ ಕರಿಯ ಯುವಜನರು ಬಯಸಿದ್ದುದು ಸಮಾಜವಿಮರ್ಶೆಯನ್ನಲ್ಲ, ಮನದಣಿಯೆ ಕುಣಿಯುವುದನ್ನು. ಅದೇನೂ ಅಲ್ಪವಾದ ಬಯಕೆಯಲ್ಲ. ಇಂತಹ ಕೂಟಗಳಲ್ಲಿ ಹುಟ್ಟಿದ ಹಿಪ್‌ಹಾಪ್ ಸಂಗೀತವೂ ಆ ಬಯಕೆಯನ್ನೇ ನೆಚ್ಚಿತ್ತು; ಆದುದರಿಂದಲೇ 1982ರಲ್ಲಿ ‘ದ ಮೆಸೇಜ್’ ಎಂಬ ಗೀತೆಯನ್ನು ಧ್ವನಿಮುದ್ರಿಸಿಕೊಡಿರೆಂದು ಶುಗರ್ ಹಿಲ್ ಸಂಸ್ಥೆಯ ಒಡತಿ ಸಿಲ್ವಿಯಾ ರಾಬಿನ್ಸನ್ ಒತ್ತಾಯಿಸಿದಾಗ, ದಾರಿದ್ರ್ಯದ ಕಥೆಯನ್ನು ಕೇಳಿ ಯಾರು ಕುಣಿದಾರು ಎಂದು ಗ್ರಾಂಡ್‌ಮಾಸ್ಟರ್ ಫ್ಲ್ಯಾಷನ ತಂಡದವರು ಹಿಂಜರಿದರು. ಕಡೆಗೆ ಆ ತಂಡದಿಂದ ಮೆಲಿ ಮೆಲ್ ಒಬ್ಬನೇ, ಗೀತೆಯ ಮೂಲಕರ್ತೃವಾದ ಡ್ಯೂಕ್ ಬೂಟಿಯೊಡನೆ ಅದರ ಪದ್ಯಗಳನ್ನು ನುಡಿದನು. ಮಂದಗತಿಯ ಆ ಗೀತೆಯ ಅಂತ್ಯದಲ್ಲೊಂದು ಕಿರುನಾಟಕವುಂಟು: ಬೀದಿಯ ಮೂಲೆಯಲ್ಲಿ ಗೆಳೆಯರು ಹರಟುತ್ತಿರುವಂತೆಯೇ ಪೊಲೀಸರ ವಾಹನವು ಬಂದು ನಿಲ್ಲುತ್ತದೆ, ಮಾತು ಅರ್ಧದಲ್ಲೇ ಕಡಿಯುತ್ತದೆ, ನಿಷ್ಕಾರಣವಾಗಿ ಅವರು ಬಂಧಿತರಾಗುತ್ತಾರೆ. ಆ ಗೀತೆಯ ಸಾಮರ್ಥ್ಯವೆಲ್ಲವೂ, ನನ್ನ ಎಣಿಕೆಯಲ್ಲಿ, ಇಲ್ಲಿಯೇ ಅಡಗಿದೆ. ಏಕೆಂದರೆ ಆ ದೃಶ್ಯವನ್ನು ಕರಿಯ ಶ್ರೋತೃಗಳಿಗೆ ಯಾರೂ ವ್ಯಾಖ್ಯಾನಿಸಿ ಹೇಳಬೇಕಾಗಿರಲಿಲ್ಲ. ಪಬ್ಲಿಕ್ ಎನಿಮಿ ತಂಡದ ರೋಷಪೂರ್ಣ ಗೀತೆಗಳು ಅನಂತರ ಬಂದವು. 2015ರಲ್ಲಿ ಹಿಪ್‌ಹಾಪ್ ಗಾಯಕ ಕೆಂಡ್ರಿಕ್ ಲಮಾರನ ‘ಆಲ್‌ರೈಟ್’ ಗೀತೆಯು ಪೊಲೀಸ್ ಹಿಂಸೆಯ ವಿರುದ್ಧ ಬೀದಿಗಿಳಿದವರ ಬಾಯಲ್ಲಿ ಘೋಷವಾಯಿತು. ಅದನ್ನು ಘೋಷವಾಗಿಸಿದವರು ವಿಮರ್ಶಕರಲ್ಲ, ಮೆರವಣಿಗೆಯಲ್ಲಿ ನಡೆದವರು. ಪುಲಿಟ್ಜರ್ ಪ್ರಶಸ್ತಿಯಾದರೋ ಲಮಾರನನ್ನು ಹುಡುಕಿಕೊಂಡು ಬಂದುದು 2018ರಲ್ಲಿ, ಅದೂ ಬೇರೊಂದು ಸಂಪುಟಕ್ಕಾಗಿ.