ನಗದು ಮಾರ್ಟಿಗೆ, ಸಾಲ ಅಂಗಡಿಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬಂಧುಗಳೇ,

ಸಂಬಳ ಕೈಗೆ ಬಂದ ಮೊದಲ ಭಾನುವಾರ ನಾವೆಲ್ಲ ಎಲ್ಲಿರುತ್ತೇವೆ? ಗಾಡಿ ನಿಲ್ಲಿಸಲು ಜಾಗವಿರುವ, ಸಾಮಾನು ತುಂಬಲು ಬಂಡಿ ಕೊಡುವ, ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಬರೆದಿರುವ ಮಾರ್ಟಿನಲ್ಲಿ. ಅಲ್ಲಿ ಸಾಲದ ಮಾತೇ ಇಲ್ಲ. ಕಾರ್ಡ್ ಉಜ್ಜಿ ಹೊರಗೆ ಬರುತ್ತೇವೆ. ಇಪ್ಪತ್ತನೇ ತಾರೀಖು ದಾಟಿ ಜೇಬು ಹಗುರಾದಾಗ, ಇಲ್ಲವೇ ರಾತ್ರಿ ಒಂಬತ್ತೂವರೆಗೆ ನೆಂಟರು ಬಂದು ಸಕ್ಕರೆ ಡಬ್ಬಿ ಖಾಲಿಯೆಂದು ಗೊತ್ತಾದಾಗ ಬೀದಿ ಕೊನೆಯ ಅಂಗಡಿ ನೆನಪಾಗುತ್ತದೆ. "ಅಣ್ಣ, ಬರ್ಕೊಂಡಿರಿ, ಒಂದನೇ ತಾರೀಖು ಕೊಡ್ತೀನಿ." ಒಂದನೇ ತಾರೀಖು ಬಂದಾಗ ನಾವು ಮತ್ತೆ ಮಾರ್ಟಿನಲ್ಲಿರುತ್ತೇವೆ.

ನಮ್ಮ ನಗದೆಲ್ಲ ಒಂದು ಕಡೆ, ನಮ್ಮ ಸಾಲವೆಲ್ಲ ಇನ್ನೊಂದು ಕಡೆ. ಇದನ್ನು ಸ್ವಲ್ಪ ಸರಿಮಾಡೋಣ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಚಿಕ್ಕ ಅಂಗಡಿಗಳ ಮೇಲೆ ಕನಿಕರ ತೋರಿ ಎಂದು ಕೇಳುತ್ತಿಲ್ಲ. ಕನಿಕರದಿಂದ ಯಾರ ಅಂಗಡಿಯೂ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ.

ದೊಡ್ಡಬಳ್ಳಾಪುರದಲ್ಲಿ ಸಾಲದ ಪುಸ್ತಕ ಏನು ಕೆಲಸ ಮಾಡುತ್ತದೆಂದು ತಿಳಿಯಬೇಕಾದರೆ ಮಗ್ಗದ ಸದ್ದು ಕೇಳುವ ಬೀದಿಗಳಿಗೆ ಹೋಗಬೇಕು. ತೇರಿನ ಬೀದಿ, ಕುಚ್ಚಪ್ಪನಪೇಟೆಯ ಸುತ್ತಮುತ್ತ ವಿದ್ಯುತ್ ಮಗ್ಗದಲ್ಲಿ ದುಡಿಯುವವರಿಗೆ ತಿಂಗಳ ಸಂಬಳವೆಂಬುದಿಲ್ಲ. ನೇಯ್ದ ಸೀರೆಗೆ ಇಷ್ಟು ಎಂದು ಕೂಲಿ. ಸೀರೆಗೆ ಬೇಡಿಕೆ ಕುಸಿದರೆ, ರೇಷ್ಮೆ ದರ ಏರಿದರೆ, ಕರೆಂಟ್ ಕೈಕೊಟ್ಟರೆ ಆ ವಾರದ ಕೂಲಿಯೂ ಕಡಿಮೆ. ಆದರೆ ಮನೆಯಲ್ಲಿ ಒಲೆ ಹೊತ್ತಲೇಬೇಕಲ್ಲ. ಆ ನಡುವಿನ ದಿನಗಳನ್ನು ದಾಟಿಸುವುದು ಬ್ಯಾಂಕಲ್ಲ, ದಿನಸಿ ಅಂಗಡಿಯ ಉದ್ದನೆಯ ಲೆಕ್ಕದ ಪುಸ್ತಕ. ಜಾಮೀನು ಕೇಳದೆ, ಬಡ್ಡಿ ಹಾಕದೆ ಅರ್ಧ ಕೇಜಿ ಬೇಳೆ, ಕಾಲು ಲೀಟರ್ ಎಣ್ಣೆ ಕೊಡುತ್ತಾರೆ. ಅದಕ್ಕೆ ಆಧಾರ ಮುಖಪರಿಚಯ: ಇವನ ಮಗ್ಗ ಯಾರ ಮನೆಯಲ್ಲಿದೆ, ಹೆಂಡತಿ ಎಲ್ಲಿ ಬಾಬಿನು ಸುತ್ತುತ್ತಾಳೆ, ಅಪ್ಪ ಹೇಗೆ ಸಾಲ ತೀರಿಸುತ್ತಿದ್ದ, ಇವೆಲ್ಲ ಅಂಗಡಿಯವರಿಗೆ ಗೊತ್ತು. ಫೋನಿನಲ್ಲೂ ಈಗ 'ಆಮೇಲೆ ಕೊಡಿ' ಎನ್ನುವ ಸಾಲ ಸಿಗುತ್ತದೆ, ನಿಜ. ತಡವಾದರೆ ಅಲ್ಲಿ ದಂಡ ಬೀಳುತ್ತದೆ. ಅಂಗಡಿಯಲ್ಲಿ ತಡವಾದರೆ ಒಂದು ಗೊಣಗಾಟ ಕೇಳಿಸಿಕೊಳ್ಳಬೇಕು, ಅಷ್ಟೆ.

ಈ ಸಾಲ ಎಲ್ಲಿಂದ ಬರುತ್ತದೆ? ಸಂಬಳದ ಮನೆಗಳು ಕೊಟ್ಟ ನಗದಿನಿಂದ. ಮೇಷ್ಟ್ರ ಮನೆ, ತಾಲ್ಲೂಕು ಕಚೇರಿ ಗುಮಾಸ್ತರ ಮನೆ, ವಿಮಾನ ನಿಲ್ದಾಣಕ್ಕೆ ಕೆಲಸಕ್ಕೆ ಹೋಗುವವರ ಮನೆ, ಇವೆಲ್ಲ ತಿಂಗಳ ಮೊದಲ ವಾರ ಚೀಟಿ ಕೊಟ್ಟು ದುಡ್ಡು ಎಣಿಸಿದರೆ ಅದೇ ದುಡ್ಡಿನಲ್ಲಿ ಅಂಗಡಿಯವನು ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಮೂಟೆ ತಂದು ನೇಕಾರರ ಮನೆಗೆ ಸಾಲ ಕೊಡುತ್ತಾನೆ. ನಾವು ಮಾರ್ಟಿಗೆ ಹೊರಟುಹೋದರೆ ಅಂಗಡಿಯಲ್ಲಿ ಉಳಿಯುವುದು ಸಾಲ ಕೇಳುವವರು ಮಾತ್ರ. ಬರೀ ಸಾಲದವರನ್ನು ನಂಬಿ ಯಾವ ಅಂಗಡಿ ನಡೆದೀತು? ನನಗೂ ನಿಮಗೂ ಅಂಗಡಿ ಇಲ್ಲದೆ ನಡೆಯಬಹುದು, ಆದರೆ ನಮ್ಮ ನಗದು ನಿಂತರೆ ಪಕ್ಕದ ಬೀದಿಯವರ ಒಲೆಗೆ ತೊಂದರೆ. ನನ್ನ ಇಡೀ ವಾದ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಸೇರಿಸುವ ಒಗ್ಗರಣೆ.

ಚಿಲ್ಲರೆ ಅಂಗಡಿಯ ಇನ್ನೊಂದು ಗುಣ ಅಳತೆಯಲ್ಲಿದೆ. ಹತ್ತು ರೂಪಾಯಿಗೆ ಹುರಿಗಡಲೆ, ಐದು ರೂಪಾಯಿಗೆ ಸಾಸಿವೆ, ಒಂದೇ ಒಂದು ತೆಂಗಿನಕಾಯಿ, ಎರಡು ಮೊಟ್ಟೆ. ಹೀಗೆ ಕೇಳುವವರು ಬಡವರಷ್ಟೇ ಅಲ್ಲ, ಒಂಟಿಯಾಗಿರುವ ವಯಸ್ಸಾದವರೂ ಹೌದು. ಪೇಟೆ ನಡುವಿನ ಗ್ರಂಧಿಗೆ ಅಂಗಡಿಗೆ ಹೋಗಿ ನೋಡಿ: ಬಜೆ, ಅಳಲೆಕಾಯಿ, ಜೇಷ್ಠಮಧು, ಕರ್ಪೂರ, ಗೃಹಪ್ರವೇಶದ ಪಟ್ಟಿಯಲ್ಲಿ ಪುರೋಹಿತರು ಬರೆದ ಯಾರಿಗೂ ಓದಲಾಗದ ಸಾಮಾನು, ಎಲ್ಲವನ್ನೂ ಒಂದೊಂದು ಪೊಟ್ಟಣ ಕಟ್ಟಿಕೊಡುತ್ತಾರೆ. ಬಾಣಂತಿಗೆ ಏನು ಬೇಕೆಂದು ಕೇಳಿದರೆ ಹೇಳುವವರೂ ಅವರೇ. ಕೌಂಟರಿನ ಗಾಜಿನ ಜಾಡಿಗಳಲ್ಲಿರುವ ಕೋಡುಬಳೆ, ನಿಪ್ಪಟ್ಟು, ಹಗ್ಗಕ್ಕೆ ನೇತುಹಾಕಿದ ಹಪ್ಪಳದ ಕಟ್ಟು ಎಷ್ಟೋ ಸಲ ಅದೇ ಬೀದಿಯ ಹೆಂಗಸರು ಮನೆಯಲ್ಲಿ ಮಾಡಿದ್ದು. ಯಾವ ಮಾರ್ಟಿನ ಖರೀದಿ ವಿಭಾಗ ಆ ಹೆಂಗಸಿನ ಇಪ್ಪತ್ತು ಪೊಟ್ಟಣ ಕೊಳ್ಳುತ್ತದೆ? ಬಾಗಿಲ ತಂತಿಗೆ ಕ್ಲಿಪ್ ಹಾಕಿ ಕನ್ನಡ ವಾರಪತ್ರಿಕೆ ತೂಗುಹಾಕಿದ ಅಂಗಡಿಗಳೂ ಕಡಿಮೆಯಾಗಿವೆ. ಕನ್ನಡ ಓದುವ ನಮಗೆ ಅದೂ ಚಿಂತೆಯ ವಿಷಯವೇ.

ಅಂಗಡಿಯವರ ಲೆಕ್ಕವನ್ನೂ ಒಮ್ಮೆ ನೋಡೋಣ. ಕಂಪನಿಗಳ ಸೋಪು, ಬಿಸ್ಕತ್ತು, ಟೂತ್‌ಪೇಸ್ಟಿನಲ್ಲಿ ಚಿಲ್ಲರೆ ವ್ಯಾಪಾರಿಗೆ ನೂರಕ್ಕೆ ಹತ್ತು ರೂಪಾಯಿ ಆಚೀಚೆ ಉಳಿಯುತ್ತದೆ. ಹಾಲಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಅದರಲ್ಲೇ ಬಾಡಿಗೆ, ಕರೆಂಟು, ಇಲಿ ಕಡಿದದ್ದು, ಬಾರದ ಬಾಕಿ. ದೊಡ್ಡ ಮಾರ್ಟುಗಳಿಗೆ, ಮನೆಗೆ ಸಾಮಾನು ತಲುಪಿಸುವ ಆ್ಯಪುಗಳಿಗೆ ಕಂಪನಿಗಳು ನೇರವಾಗಿ ಕೊಡುವ ರಿಯಾಯಿತಿ ಇವರ ಕೌಂಟರಿಗೆ ಬರುವುದಿಲ್ಲ. ಹಾಗಾಗಿ ಗಿರಾಕಿಗೆ ಮಾರ್ಟಿನಲ್ಲಿ ಸಿಗುವ ಬೆಲೆ ಎಷ್ಟೋ ಸಲ ಅಂಗಡಿಯವನು ತಾನೇ ಕೊಳ್ಳುವ ಬೆಲೆಗೆ ಸಮೀಪ. ಇದೇ ದೂರನ್ನು ಹಿಡಿದು ವಿತರಕರ ಅಖಿಲ ಭಾರತ ಒಕ್ಕೂಟ 2024ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಪತ್ರ ಬರೆಯಿತು. ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್‌ಗಳು ನಷ್ಟದ ಬೆಲೆಗೆ ಮಾರಿ ಗಿರಾಕಿಗಳನ್ನು ಸೆಳೆಯುತ್ತಿವೆ ಎಂಬುದು ಅದರ ಆರೋಪ. ಒಂದೇ ವರ್ಷದಲ್ಲಿ ದೇಶದಲ್ಲಿ ಎರಡು ಲಕ್ಷ ಕಿರಾಣಿ ಅಂಗಡಿ ಮುಚ್ಚಿದವೆಂದೂ ಅದೇ ಒಕ್ಕೂಟ ಹೇಳಿತು. ಅದು ಕಕ್ಷಿದಾರರೇ ಕೊಟ್ಟ ಲೆಕ್ಕ, ಆ ಸಂಖ್ಯೆಯ ಮೇಲೆ ನಾನು ಪ್ರಮಾಣ ಮಾಡಲಾರೆ. ನಿಮ್ಮ ಬೀದಿಯಲ್ಲಿ ಎಷ್ಟು ಶಟರ್ ಇಳಿದಿವೆ ಎಂದು ನೀವೇ ಎಣಿಸಬಹುದು.

ನಮ್ಮ ಜಿಲ್ಲೆಯ ಸ್ಥಿತಿ ಇನ್ನೂ ವಿಚಿತ್ರ. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ, ಹೊಸಕೋಟೆಯ ಸುತ್ತಲೂ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಬೃಹತ್ ಗೋದಾಮುಗಳ ತಗಡಿನ ಛಾವಣಿ. ಬೆಂಗಳೂರಿನ ಅಡುಗೆಮನೆಗಳಿಗೆ ಹೋಗುವ ಎಷ್ಟೋ ಸಾಮಾನು ಮೊದಲು ನಮ್ಮೂರಿನ ಗೋದಾಮಿಗೆ ಬಂದು, ಆಮೇಲೆ ಸ್ಕೂಟರ್ ಏರುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಂದ ಬಡಾವಣೆಗಳಲ್ಲಿ ಗೇಟಿನ ಕಾವಲುಗಾರ ದಿನವಿಡೀ ಬರೆದುಕೊಳ್ಳುವುದು ಡೆಲಿವರಿ ಹುಡುಗರ ಹೆಸರನ್ನೇ. ಈ ಗೋದಾಮುಗಳಲ್ಲಿ ಪೆಟ್ಟಿಗೆ ಕಟ್ಟುವವರು, ಆ ಗಾಡಿ ಓಡಿಸುವವರು ನಮ್ಮ ಹಳ್ಳಿಗಳ ಮಕ್ಕಳೇ. ಅವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಗಿಗ್ ಕಾರ್ಮಿಕರಿಗಾಗಿ ನಮ್ಮ ಸರ್ಕಾರ 2025ರಲ್ಲಿ ಕಾನೂನು ತಂದು, ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯುವ ದಾರಿ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಅಂಗಡಿಯ ಮಾಲೀಕನ ಮಗ ತನ್ನ ಶಟರ್ ಇಳಿಸಿ ಅದೇ ಗಾಡಿ ಹತ್ತುವ ದಿನವನ್ನು ಅಭಿವೃದ್ಧಿ ಎಂದು ಕರೆಯಲು ನನ್ನಿಂದಾಗದು. ಅಂದ ಹಾಗೆ, 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರಿನಲ್ಲಿ ಗ್ರಾಮಾಂತರ ಹೋದರೂ ನಮ್ಮ ಪೇಟೆಗಳು ಪೇಟೆಗಳಾಗಿಯೇ ಉಳಿಯಲಿ.

ಅದೇ ಜುಲೈಯಲ್ಲಿ ಅಂಗಡಿಗಳಿಗೆ ಇನ್ನೊಂದು ಏಟು ಬಿತ್ತು. ಯುಪಿಐ ವಹಿವಾಟಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ವಹಿವಾಟಿಗೆ 29 ಲಕ್ಷ ರೂಪಾಯಿ ಕಟ್ಟುವಂತೆ ಬಂದ ನೋಟಿಸ್ ದೇಶದಲ್ಲೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಹೆದರಿದ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದವು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ 25ರಂದು ಕರೆದಿದ್ದ ಬಂದ್ ಕೈಬಿಡಲಾಯಿತು. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಅಂಗಡಿಯವರಿಗೆ ನನ್ನ ಮಾತು ಇಷ್ಟು: ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ತಪ್ಪಿದ್ದಲ್ಲ. ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ 1ರಷ್ಟು ಕಟ್ಟಿ ನೆಮ್ಮದಿಯಾಗಿರಬಹುದು. ಕ್ಯೂಆರ್ ಕೋಡ್ ಕಿತ್ತರೆ ತೆರಿಗೆ ಇಲಾಖೆಗಿಂತ ಮೊದಲು ಗಿರಾಕಿಗಳು ದೂರವಾಗುತ್ತಾರೆ.

ಅಂಗಡಿಯವರಿಗೆ ಹೇಳಬೇಕಾದದ್ದು ಇನ್ನೂ ಇದೆ. ಗಿರಾಕಿಗಳು ಸುಮ್ಮನೆ ಬಿಟ್ಟು ಹೋಗಿಲ್ಲ. ತಣ್ಣಗಿನ ಹಾಲಿಗೆ, ನೀರಿಗೆ 'ಕೂಲಿಂಗ್ ಚಾರ್ಜ್' ಎಂದು ಎಂಆರ್‌ಪಿ ಮೇಲೆ ಒಂದು ಎರಡು ರೂಪಾಯಿ ಹಾಕುವುದು ತಪ್ಪು, ಕಾನೂನಿನಲ್ಲೂ ಅಪರಾಧ. ಚಿಲ್ಲರೆ ಬದಲು ಚಾಕಲೇಟ್ ಕೊಡುವುದನ್ನು ಬಿಡಿ. ಅವಧಿ ಮೀರಿದ ಪೊಟ್ಟಣವನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದಿಡಬೇಡಿ. ತಕ್ಕಡಿಗೆ ಪ್ರತಿವರ್ಷ ಮುದ್ರೆ ಹಾಕಿಸಿ, ಅದರ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಿ. ಪಾದಚಾರಿ ದಾರಿಯ ಮೇಲೆ ಮೂಟೆ ಪೇರಿಸಿದರೆ ನಿಮ್ಮ ಅಂಗಡಿಗೇ ಬರಬೇಕಾದ ಅಜ್ಜಿ ರಸ್ತೆಗಿಳಿದು ನಡೆಯಬೇಕಾಗುತ್ತದೆ. ಹತ್ತು ರೂಪಾಯಿ ಸಾಮಾನು ಕೇಳಿದವರ ಮುಖ ನೋಡದೆ ಫೋನಿನಲ್ಲಿ ರೀಲ್ಸ್ ನೋಡುತ್ತ ಕೂತ ಅಂಗಡಿ ಹುಡುಗನನ್ನು ಕಂಡಾಗ ನನಗೂ ಆ್ಯಪೇ ವಾಸಿ ಅನ್ನಿಸಿದ್ದಿದೆ.

ಪೇಟೆ ಅಂಗಡಿಗಳು ಮುಚ್ಚುವುದು ನಮ್ಮೊಬ್ಬರ ಕಥೆಯಲ್ಲ. ಜಪಾನಿನಲ್ಲಿ ದೊಡ್ಡ ಮಳಿಗೆಗಳನ್ನು ಅಂಕೆಯಲ್ಲಿಡಲು 1973ರಲ್ಲಿ ಕಾನೂನು ಮಾಡಿದ್ದರು. 1990ರ ದಶಕದಲ್ಲಿ ಅದನ್ನು ಸಡಿಲಿಸಿ, 2000ದಲ್ಲಿ ತೆಗೆದೇ ಹಾಕಿದರು. ಕಾರುಗಳು ಹೆಚ್ಚಿದವು, ಊರಾಚೆ ಮಾಲ್‌ಗಳು ಎದ್ದವು, ಸಣ್ಣ ಊರುಗಳ ಹಳೆಯ ಅಂಗಡಿ ಬೀದಿಗಳಲ್ಲಿ ಶಟರ್ ಇಳಿದವು. ಗಾಡಿ ಓಡಿಸಲಾಗದ ವಯಸ್ಸಾದವರು ದಿನದ ತರಕಾರಿಗೂ ಪರದಾಡುವಂತಾಗಿ, ಈಗ ಕೆಲವು ಊರುಗಳಲ್ಲಿ ಸಂಚಾರಿ ಅಂಗಡಿ ವಾಹನಗಳು ಬೀದಿ ಬೀದಿ ತಿರುಗುತ್ತವೆ. ಇದ್ದ ಅಂಗಡಿ ಕಳೆದುಕೊಂಡು ಆಮೇಲೆ ಅದಕ್ಕೆ ಚಕ್ರ ಕಟ್ಟುವ ಖರ್ಚು ನಮಗೆ ಯಾಕೆ?

ನಗರಸಭೆ, ಪುರಸಭೆಯವರಲ್ಲೂ ಒಂದು ಕೋರಿಕೆ. ಪೇಟೆ ಬೀದಿಗಳಲ್ಲಿ ಸರಕು ಇಳಿಸಲು ಬೆಳಗ್ಗೆ ಒಂದು ಹೊತ್ತು ನಿಗದಿ ಮಾಡಿ, ಆಮೇಲೆ ಗೂಡ್ಸ್ ಗಾಡಿ ನಿಲ್ಲದಂತೆ ನೋಡಿಕೊಳ್ಳಿ. ಗಿರಾಕಿ ಐದು ನಿಮಿಷ ಸ್ಕೂಟರ್ ನಿಲ್ಲಿಸಲು ಜಾಗ ಗುರುತಿಸಿ. ಚರಂಡಿ ಕೆಲಸಕ್ಕೆಂದು ಅಂಗಡಿ ಮುಂದೆ ಅಗೆದ ಗುಂಡಿಯನ್ನು ತಿಂಗಳುಗಟ್ಟಲೆ ಬಿಡಬೇಡಿ. ಮನೆಗಳ ನಡುವೆ ಗಿರಾಕಿಗೆ ಬಾಗಿಲಿಲ್ಲದ ಗೋದಾಮು ತೆರೆಯುವವರಿಗೂ ಕಿರಾಣಿ ಅಂಗಡಿಯವರಿಗೆ ಕೇಳುವಷ್ಟೇ ಕಟ್ಟುನಿಟ್ಟಾಗಿ ಪರವಾನಗಿ ಕೇಳಿ. ಇದಕ್ಕೆಲ್ಲ ದೊಡ್ಡ ಬಜೆಟ್ ಬೇಕಿಲ್ಲ.

ನಮ್ಮ ಪಾಲಿಗೆ ಬರೋಣ. ಮಾರ್ಟಿಗೆ ಹೋಗಲೇಬೇಡಿ, ಆ್ಯಪನ್ನು ಅಳಿಸಿಹಾಕಿ ಎಂದು ನಾನು ಹೇಳುವುದಿಲ್ಲ. ಜ್ವರದಲ್ಲಿ ಮಲಗಿದವರಿಗೆ, ಕೈಗೂಸಿನ ತಾಯಂದಿರಿಗೆ ಅದರಿಂದ ಉಪಕಾರವಾಗಿದೆ. ತಿಂಗಳ ಚೀಟಿಯ ಅರ್ಧವನ್ನಾದರೂ ಪೇಟೆಯ ಒಂದು ಅಂಗಡಿಗೆ ಗೊತ್ತುಮಾಡಿ: ಅಕ್ಕಿ, ಬೇಳೆ, ರಾಗಿಹಿಟ್ಟು, ಬೆಲ್ಲ, ಎಣ್ಣೆ. ದುಡ್ಡನ್ನು ಅಲ್ಲೇ ಎಣಿಸಿ ಕೊಡಿ. ಚೀಟಿಯನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಕಟ್ಟಿಟ್ಟು ಮನೆಗೆ ತಲುಪಿಸುವ ಅಂಗಡಿಗಳು ನಾಲ್ಕೂ ಊರಿನಲ್ಲಿವೆ. ನಿಮ್ಮ ಅಂಗಡಿಯವರು ಇನ್ನೂ ಶುರುಮಾಡಿಲ್ಲವಾದರೆ ಕೇಳಿ ನೋಡಿ. ಬಿಲ್ ಕೇಳಿ ಪಡೆಯಿರಿ. ಬೆಲೆಯಲ್ಲಿ ಐದು ಹತ್ತು ರೂಪಾಯಿ ಹೆಚ್ಚಾದರೆ ಬೇಕಾದರೆ ಚೌಕಾಸಿ ಮಾಡಿ, ಅಲ್ಲಿ ಚೌಕಾಸಿಗೆ ಕಿವಿ ಕೊಡುವವರು ಒಬ್ಬರಾದರೂ ಇದ್ದಾರೆ.

ಮತ್ತೆ ಆ ಸಾಲದ ಪುಸ್ತಕ. 2021ರ ಏಪ್ರಿಲ್ ಕೊನೆಯಲ್ಲಿ, ಕೋವಿಡ್ ನಿರ್ಬಂಧದಿಂದಾಗಿ ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ತೆರೆಯಲು ಅವಕಾಶವಿದ್ದ ದಿನಗಳಲ್ಲಿ, ಮಗ್ಗ ನಿಂತವರಿಗೂ ಕಾರ್ಖಾನೆ ಮುಚ್ಚಿದವರಿಗೂ ಕೊಟ್ಟ ಸಾಮಾನಿನ ಬಾಕಿ ಎಷ್ಟೋ ಪುಸ್ತಕಗಳಲ್ಲಿ ಇವತ್ತಿಗೂ ಹೊಡೆದುಹಾಕದೆ ಉಳಿದಿದೆ. ಅದರಲ್ಲಿ ನಿಜವಾಗಿ ಕೊಡಲಾಗದವರು ಇರುತ್ತಾರೆ, ಅವರ ಮಾತು ಬೇರೆ. ಕೊಡಬಲ್ಲವರೂ ಇದ್ದಾರೆ. ನಾಚಿಕೆಯಿಂದ ಆ ಬೀದಿಯಲ್ಲೇ ಓಡಾಡದೆ, ಸುತ್ತು ಬಳಸಿ ಮಾರ್ಟಿಗೆ ಹೋಗುವವರು ಅವರು. ದೀಪಾವಳಿಗೋ ಯುಗಾದಿಗೋ ಅಂಗಡಿಯವರು ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಮೊದಲು ಹೋಗಿ ನಿಮ್ಮ ಹೆಸರಿನ ಪುಟ ತೆಗೆಸಿ. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡಿ. ಯಾರೂ ಬೈಯುವುದಿಲ್ಲ, ಬೈದರೂ ಒಂದು ದಿನದ ಮಾತು.